ವ್ಯಾನಿನ ಇಂಜಿನ್, ಯಜಮಾನರ ಉಸಿರು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಎಲ್ಲರೂ ಸ್ಪ್ಯಾನರ್ ಅಕ್ಕ ಎಂದೇ ಕರೆಯುವ ಈ ಮೆಕ್ಯಾನಿಕ್, ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ಮಂಡಿಯೂರಿ ಕೂತಿದ್ದಾರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡಿದ್ದಾರೆ. ಮಾತಾಡಿಸಲು ಹೋದ ನನ್ನನ್ನು ಬೆರಳೆತ್ತಿ ಸುಮ್ಮನಾಗಿಸುತ್ತಾರೆ. ಆಮೇಲೆ ಮುಖ ಅರಳುತ್ತದೆ. “ಇವತ್ತು ಮಹಾರಾಯ ತಕರಾರು ಮಾಡ್ತಿಲ್ಲ. ಬನ್ನಿ, ಟೀ ಕುಡಿಯೋಣ.”

ಕರೆಂಟು ಕಂಬಗಳು ಮುಗಿದ ಮೇಲೂ ಒಂದಷ್ಟು ದೂರ ನಡೆದರೆ ಸಿಗುವ ಮನೆ ಇದು. ಒಳಗೆ ಅಕ್ಕನ ಯಜಮಾನರು ಮೂಗಿಗೆ ಸಣ್ಣ ಕೊಳವೆ ಸಿಕ್ಕಿಸಿಕೊಂಡು ಕೂತಿದ್ದಾರೆ. ಶ್ವಾಸಕೋಶ ಸೋತಿದೆ. ಪಕ್ಕದಲ್ಲಿರುವ ಆಕ್ಸಿಜನ್ ಯಂತ್ರ ಹಗಲೂ ರಾತ್ರಿ ಓಡಬೇಕು. ಕರೆಂಟಿರುವ ಕಡೆ ಮನೆ ಮಾಡಿ ಎಂದು ಆಸ್ಪತ್ರೆಯವರು ಹೇಳಿದರಂತೆ. ದನಗಳನ್ನು ಯಾರು ನೋಡುತ್ತಾರೆ ಎಂದ ಯಜಮಾನರು ಜಪ್ಪಯ್ಯ ಎಂದರೂ ಕದಲಲಿಲ್ಲ.

ಅಕ್ಕ ಅಪ್ಪನ ಗ್ಯಾರೇಜಿನಲ್ಲೇ ಬೆಳೆದವರು. ಗಂಡ ಬಾಡಿಗೆಗೆ ಓಡಿಸುತ್ತಿದ್ದ ಹಳೇ ವ್ಯಾನಿನ ಇಂಜಿನ್ನನ್ನೇ ಕೆಳಗಿಳಿಸಿ, ಗೇರ್‌ಬಾಕ್ಸ್ ಬಿಚ್ಚಿ, ಜನರೇಟರಿಗೆ ಜೋಡಿಸಿದರು. ಪೆಟ್ರೋಲಿನ ಬದಲು ಕೊಟ್ಟಿಗೆಯ ಸಗಣಿ ಗ್ಯಾಸು. ಆಯಿಲ್ ಬದಲಿಸಲು ನಿಲ್ಲಿಸಿದಾಗ ಮಾತ್ರ ಆಕ್ಸಿಜನ್ ಸಿಲಿಂಡರ್.

“ವ್ಯಾನಲ್ಲಿ ವೇಗ ನೋಡ್ಕೊಳ್ಳೋಕೆ ಇವರ ಕಾಲಿತ್ತು. ಇಲ್ಲಿ ಒಂಚೂರು ಏರುಪೇರಾದ್ರೂ ಯಂತ್ರ ಸುಟ್ಟೋಗುತ್ತೆ. ಅದಕ್ಕೇ ವೇಗ ಒಂದೇ ಸಮ ಹಿಡಿದಿಡೋ ಗವರ್ನರ್ ಕೂರಿಸಿದೀನಿ,” ಎನ್ನುತ್ತಾರೆ ಅಕ್ಕ.

“ನನ್ನ ಕಾಲಿಗಿಂತ ಅದೇ ವಾಸಿ ಅಂತಾಳೆ, ನೋಡಿ,” ಎಂದು ಒಳಗಿನಿಂದ ಯಜಮಾನರ ದೂರು ಬರುತ್ತದೆ.

ಒಂದು ಎಡವಟ್ಟೂ ಆಯಿತು. ಗಂಡನ ನಿದ್ದೆ ಕೆಡದಿರಲಿ ಎಂದು ಅಕ್ಕ ಎರಡೆರಡು ಸೈಲೆನ್ಸರ್ ಹಾಕಿ ಇಂಜಿನ್ನಿನ ಸದ್ದನ್ನೇ ಅಡಗಿಸಿಬಿಟ್ಟರು. ಅಂದಿನಿಂದ ಯಜಮಾನರು ರೆಪ್ಪೆ ಮುಚ್ಚಲಿಲ್ಲ.

“ಪಕ್ಕದಲ್ಲೇ ಯಂತ್ರ ಗುಂಯ್ ಅಂತಿದ್ರೂ ನಂಬಿಕೆ ಬರ್ತಿರಲಿಲ್ಲ. ಇಂಜಿನ್ ಸದ್ದಿಲ್ಲ ಅಂದ್ರೆ ಗಾಡಿ ಕೈಕೊಡ್ತು ಅಂತಲೇ ಡ್ರೈವರ್ ಲೆಕ್ಕ. ಇರೋ ಚೂರು ಉಸಿರನ್ನೂ ಬಿಗಿಹಿಡ್ಕೊಂಡು ಕೂರ್ತಿದ್ದೆ. ಇಷ್ಟೆಲ್ಲ ಕಷ್ಟಪಟ್ಟಿದಾಳೆ, ಹೇಳಿದ್ರೆ ಬೇಜಾರು ಮಾಡ್ಕೋತಾಳೆ ಅಂತ ಬಾಯಿ ಬಿಡಲಿಲ್ಲ.”

ಗೊತ್ತಾದ ದಿನ ಅಕ್ಕ ಬೈದರು, ಅತ್ತರು, ಆಮೇಲೆ ಒಂದು ಸೈಲೆನ್ಸರ್ ಬಿಚ್ಚಿದರು. ಆ ಮಧ್ಯಾಹ್ನವೇ ಯಜಮಾನರ ಗೊರಕೆ ಶೆಡ್ಡಿನವರೆಗೂ ಕೇಳಿತಂತೆ. ಹೇಳುವಾಗ ಇಬ್ಬರೂ ನಗುತ್ತಾರೆ.

ನನ್ನನ್ನು ಕಳಿಸಲು ದಾರಿಯವರೆಗೆ ಬಂದ ಅಕ್ಕ ದನಿ ತಗ್ಗಿಸುತ್ತಾರೆ.

“ಡಾಕ್ಟರು ನನ್ನ ಹತ್ರ ಏನೂ ಮುಚ್ಚಿಟ್ಟಿಲ್ಲ. ಒಂದಿನ ಇವರು ಹೊರಟುಬಿಡ್ತಾರೆ, ಅದನ್ನ ತಡೆಯೋಕೆ ನನ್ನ ಕೈಲಾಗಲ್ಲ. ಆದ್ರೆ ಆವತ್ತೂ ಇಂಜಿನ್ ಓಡ್ತಾನೇ ಇರ್ಬೇಕು. ನನಗಷ್ಟು ಸಾಕು.”