ಅಕ್ಕನ ಗದ್ದೆಯಲ್ಲೊಂದು ಡಯಾಗನಲ್

‘ನಿಮ್ಮ ಜಮೀನಿನಲ್ಲಿ ಡಯಾಗನಲ್ ಆಗಿ ಯಾವ ರಸ್ತೆಯೂ ಹಾಯುವುದಿಲ್ಲ. ಆದ್ದರಿಂದ ನಿಮ್ಮ ಆಕ್ಷೇಪಣೆಯನ್ನು ಮುಕ್ತಾಯಗೊಳಿಸಲಾಗಿದೆ.’

ಇಂಗ್ಲಿಷಿನಲ್ಲಿ ಬಂದ ಈ ಇಮೇಲ್ ಓದಿದ ಸೋಮವಾರದಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಜಮೀನು ಸಿರುಗುಪ್ಪದಲ್ಲಿರುವ ನನ್ನ ಅಕ್ಕ ಬಸಮ್ಮನದು. ಆಕ್ಷೇಪಣೆ ಬರೆದವಳು ನಾನು.

ಆಗಿದ್ದಿಷ್ಟು. ಹೊಸ ಬೈಪಾಸ್ ರಸ್ತೆಗೆಂದು ಸರ್ವೇಯವರು ಅಕ್ಕನ ಭತ್ತದ ಗದ್ದೆಯಲ್ಲಿ ಕಲ್ಲು ನೆಟ್ಟು ಹೋಗಿದ್ದರು. ಉತ್ತರದ ಬದುವಿನ ನಡುವೆ ಒಳಗೆ ಬರುವ ರಸ್ತೆ ಓರೆಯಾಗಿ ಹಾದು ಪೂರ್ವದ ಬದುವಿನ ನಡುವೆ ಹೊರಬೀಳುತ್ತದೆ. ಹಾಗೆ ತುಂಡಾಗುವ ಮೂಲೆಯಲ್ಲೇ ಕಾಲುವೆಯ ತೂಬು ಇದೆ. ಗದ್ದೆಗೆ ನೀರು ಬರುವುದು ಅಲ್ಲಿಂದಲೇ. ರಸ್ತೆ ಬಂದರೆ ನೀರು ಆಚೆ, ಪೈರು ಈಚೆ.

ಸರ್ವೇ ಕಂಪನಿಯ ಆಫೀಸು ಹೊರ ರಾಜ್ಯದಲ್ಲಿ. ಶುಕ್ರವಾರದೊಳಗೆ ಇಂಗ್ಲಿಷಿನಲ್ಲೇ ಬರೆದು ಕಳಿಸಬೇಕಂತೆ. ಅಕ್ಕ ಬಸ್ ಹತ್ತಿ ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಗೆ ಬಂದಳು. ರಸ್ತೆಯು ಗದ್ದೆಯನ್ನು ‘ಡಯಾಗನಲ್’ ಆಗಿ ಕತ್ತರಿಸುತ್ತದೆ ಎಂದು ಬರೆದು, ಅವಳಿಗೆ ಓದಿ ಹೇಳಿದೆ.

“ಡಯಾಗನಲ್,” ಅಕ್ಕ ಒಮ್ಮೆ ಅಂದು ನೋಡಿದಳು. “ಭಾರಿ ಐತಿ ಮಾತು. ಇರ್ಲಿ ಬಿಡು. ಓದಿದವ್ರು ಸ್ವಲ್ಪ ಹೆದರ್ಲಿ.”

ಹೆದರಲಿಲ್ಲ ನೋಡಿ.

ಕಾಲೇಜಿನಲ್ಲಿ ಗಣಿತ ಕಲಿಸುವ ನನ್ನ ಮಗಳು ಸಿಂಧು ಉತ್ತರ ಓದಿ ತಲೆಯಾಡಿಸಿದಳು.

“ಅವ್ರು ಹೇಳಿದ್ರಾಗ ತಪ್ಪಿಲ್ಲಮ್ಮ. ಡಯಾಗನಲ್ ಅಂದ್ರ ಈ ಮೂಲಿಯಿಂದ ಎದುರು ಮೂಲಿಗಿ. ಈ ರೋಡು ಯಾವ ಮೂಲಿ ಮುಟ್ಟೈತಿ ಹೇಳು?”

ನಾನು ಡಿಕ್ಷನರಿ ತೆಗೆದೆ. ಓರೆಯಾಗಿರುವ ಗೆರೆಗೂ ಆ ಪದ ಸಲ್ಲುತ್ತದೆ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಬೆರಳಿಟ್ಟು ತೋರಿಸಿದೆ.

“ಡಿಕ್ಷನರಿಯಾಗ ನೀನ ಗೆದ್ದಿ,” ಅಂದಳು ಸಿಂಧು. “ದೊಡ್ಡಮ್ಮನ ಗದ್ದಿ ಯಾರು ಉಳಿಸ್ತಾರ?”

ದಿನಾ ಇಂಥ ಪದಗಳನ್ನು ಆಡುತ್ತಲೇ ಇರುತ್ತೇವೆ. ‘ಬೇರೆ ಆಂಗಲ್‌ನಲ್ಲಿ ಯೋಚನೆ ಮಾಡಿ’ ಅನ್ನುತ್ತೇವೆ. ‘ಲೈಫೇ 360 ಡಿಗ್ರಿ ಚೇಂಜ್ ಆಯ್ತು’ ಅನ್ನುತ್ತೇವೆ (ಅಂದರೆ ಸುತ್ತಿ ಬಂದು ಮೊದಲಿದ್ದ ಜಾಗದಲ್ಲೇ ನಿಂತಿತು). ಮಾತಿನಲ್ಲಿ ನಡೆಯುತ್ತದೆ. ಎದುರಿಗಿದ್ದವರು ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಬರೆದ ಪದಕ್ಕೆ ಮುಖ ಎಲ್ಲಿದೆ? ಓದುವವರು ತಮಗೆ ಅನುಕೂಲವಾದ ಅರ್ಥ ಹಚ್ಚಿ ಫೈಲು ಮುಚ್ಚುತ್ತಾರೆ.

ಅಡುಗೆಮನೆಯಿಂದ ಹಾಲ್‌ಗೆ, ಹಾಲ್‌ನಿಂದ ಬಾಗಿಲಿಗೆ ಓಡಾಡಿದೆ. ‘ಆಬ್ಲಿಕ್’ ಅಂತ ಬರೆದೆ, ಅಳಿಸಿದೆ. ‘ಸ್ಲಾಂಟಿಂಗ್’ ಅಂತ ಬರೆದೆ, ಅದನ್ನೂ ಅಳಿಸಿದೆ. ಕೊನೆಗೆ ರಸ್ತೆ ಎಲ್ಲಿ ಒಳಬರುತ್ತದೆ, ಎಲ್ಲಿ ಹೊರಹೋಗುತ್ತದೆ, ತೂಬು ಯಾವ ಕಡೆ ಉಳಿಯುತ್ತದೆ ಎಂದಷ್ಟೇ ಬರೆದು ಕಳಿಸಿದೆ. ಅಲ್ಲಿಂದ ಶುರುವಾಯಿತು ಅಕ್ಕನ ಫೋನು.

“ಉತ್ತರ ಬಂತೇನ?”

“ಇಲ್ಲಕ್ಕ.”

“ಈ ಸಲ ಸರಿಯಾಗಿ ಬರದೀ ಇಲ್ಲ?”

ಆ ಪ್ರಶ್ನೆ ಮೈಗೆ ಮುಳ್ಳಿನಂತೆ ಚುಚ್ಚಿತು.

ಗುರುವಾರ ಕಂಪನಿಯ ಎಂಜಿನಿಯರ್ ಗದ್ದೆಗೇ ಬಂದರು. ನಾನೂ ಬೆಳಗಿನ ಬಸ್ಸಿಗೇ ಸಿರುಗುಪ್ಪಕ್ಕೆ ಓಡಿದ್ದೆ. ಅವರಿಗೆ ಕನ್ನಡ ಬಾರದು, ತೆಲುಗು ಬರುತ್ತದೆ. ಅಕ್ಕ ಅವರನ್ನು ನೇರವಾಗಿ ತೂಬಿನ ಹತ್ತಿರ ಕರೆದೊಯ್ದು, “ನೀಳ್ಳು ಎಟ್ಲಾ ವಸ್ತಾಯಿ ಸಾರ್?” ಎಂದು ಕೇಳಿದಳು. ನೀರು ಹೇಗೆ ಬರುತ್ತೆ, ಅಷ್ಟೇ ಪ್ರಶ್ನೆ. ಅವರು ಕಲ್ಲುಗಳನ್ನು ನೋಡಿದರು, ಕಾಲುವೆ ನೋಡಿದರು, ರಸ್ತೆಯನ್ನು ಬದುವಿನ ಕಡೆಗೆ ಸರಿಸುತ್ತೇವೆ ಎಂದರು. ಅಕ್ಕ ಅಲ್ಲೇ ಬದುವಿನ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಅವಳ ಪಕ್ಕದಲ್ಲಿ ಕೂತೆ.

ನಿನ್ನೆ ಲಿಖಿತ ಉತ್ತರ ಬಂತು. ಓದಿ ಹೇಳಿದೆ. “ಒಳ್ಳೇದಾತು ಬಿಡವ್ವ, ಇನ್ನ ನಿದ್ದಿ ಮಾಡ್ತೀನಿ,” ಎಂದು ಅಕ್ಕ ಫೋನ್ ಇಟ್ಟಳು.

ನಿದ್ದೆ ಕೆಟ್ಟಿದ್ದು ನನ್ನದು. ‘ರಸ್ತೆಯನ್ನು ಬದುವಿಗೆ ಪ್ಯಾರಲಲ್ ಆಗಿ ನಿರ್ಮಿಸಲಾಗುವುದು’ ಎಂದಿದೆ. ಯಾವ ಬದು, ಎಷ್ಟು ದೂರ ಎಂಬುದಿಲ್ಲ.

ಗದ್ದೆಯ ನಟ್ಟ ನಡುವೆ ಹೋದರೂ ಅದು ಪ್ಯಾರಲಲ್ಲೇ ಅಲ್ಲವೇ?