ತಾಯಕ್ಕ ಮೇಡಂ ಮತ್ತು ದೋಣಿಮಲೈನ ಗಿಟಾರ್

ಹೊಸಪೇಟೆ, ಸಂಡೂರು, ಕಂಪ್ಲಿ ಸುತ್ತಮುತ್ತ ಇಂದು ಮರಗೆಲಸದಿಂದ ಬದುಕು ಕಟ್ಟಿಕೊಂಡವರನ್ನು ನಿಮಗೆ ಕಲಿಸಿದವರು ಯಾರೆಂದು ಕೇಳಿದರೆ, ಅವರಲ್ಲಿ ಬಹಳ ಮಂದಿ ಒಬ್ಬ ಹೆಣ್ಣುಮಗಳ ಹೆಸರು ಹೇಳುತ್ತಾರೆ. ಅದಿರು ಮತ್ತು ಉಕ್ಕಿಗೆ ಹೆಸರಾದ ಈ ಸೀಮೆಯಲ್ಲಿ ಫಿಟ್ಟರ್, ವೆಲ್ಡರ್ ತರಬೇತಿಗೆ ಇರುವ ನೂಕುನುಗ್ಗಲು ಬಡಗಿತನದ ವಿಭಾಗಕ್ಕೆ ಎಂದೂ ಇರಲಿಲ್ಲ. ಬೇರೆಲ್ಲೂ ಸೀಟು ಸಿಗದವರು ಕೊನೆಗೆ ಬಂದು ಸೇರುವ ವಿಭಾಗವದು. ಹಾಗೆ ಬಂದವರನ್ನು ಕೈಹಿಡಿದು ನಿಲ್ಲಿಸಿ, ಉಳಿ ಹಿಡಿಯಲು ಕಲಿಸಿ, ತಮ್ಮ ಕೆಲಸವನ್ನು ತಾವೇ ಗೌರವಿಸುವಂತೆ ಮಾಡಿದ ಶ್ರೀಮತಿ ತಾಯಕ್ಕನವರು ಈಚೆಗೆ ನಿವೃತ್ತರಾಗಿದ್ದಾರೆ. ಅವರ ಗೌರವಾರ್ಥ ಬರುತ್ತಿರುವ ಈ ಗ್ರಂಥಕ್ಕೆ ಬರೆಯುವ ಅವಕಾಶ ಅವರ ಶಿಷ್ಯನಾದ ನನಗೂ ಸಿಕ್ಕಿದೆ. ಅವರ ಬೋಧನಾಕ್ರಮದ ಬಗ್ಗೆ, ಆಡಳಿತದ ಬಗ್ಗೆ ಬರೆಯಲು ನನಗಿಂತ ಬಲ್ಲವರಿದ್ದಾರೆ. ನಾನು ಬರೆಯಬೇಕಾದದ್ದು ಒಂದು ಹಳೆಯ ಗಿಟಾರಿನ ವಿಷಯ. ಅದಿಲ್ಲದೆ ನಾನು ಇಂದು ಈ ಗ್ರಂಥಕ್ಕೆ ಬರೆಯುವ ಸ್ಥಿತಿಯಲ್ಲೇ ಇರುತ್ತಿರಲಿಲ್ಲ.

ಮೇಡಂ ಹುಟ್ಟಿದ್ದು ಸಂಡೂರು ತಾಲ್ಲೂಕಿನ ಚೋರನೂರಿನಲ್ಲಿ, ಕೂಲಿ ಮಾಡುವವರ ಮನೆಯಲ್ಲಿ. ಹತ್ತನೇ ತರಗತಿ ಮುಗಿಸಿ ಹೊಲಿಗೆ ಕಲಿಯಬೇಕೆಂದು ತರಬೇತಿ ಕೇಂದ್ರಕ್ಕೆ ಹೋದಾಗ ಆ ಸೀಟುಗಳೆಲ್ಲ ಭರ್ತಿಯಾಗಿದ್ದವಂತೆ. ಬಡಗಿ ವಿಭಾಗದಲ್ಲಿ ಮಾತ್ರ ಜಾಗವಿತ್ತು. ಊರಿಗೆ ಬರಿಗೈಲಿ ಹೋಗಲಾರದೆ ಅದನ್ನೇ ಸೇರಿದ ಅವರು, ಗಂಡುಹುಡುಗರ ನಡುವೆ ಒಬ್ಬರೇ ಹೆಣ್ಣಾಗಿ ನಿಂತು ಕಲಿತು, ಕೆಲವು ವರ್ಷ ಸಂಡೂರಿನಲ್ಲಿ ಬಾಗಿಲು ಕಿಟಕಿ ಮಾಡುವ ಅಂಗಡಿಯಲ್ಲಿ ದುಡಿದು, ಮುಂದೆ ಹೊಸಪೇಟೆಯ ನಮ್ಮ ಕೇಂದ್ರಕ್ಕೆ ಬೋಧಕರಾಗಿ ಬಂದರು. ಮೊದಮೊದಲು ಪಾಲಕರು ಬಂದು ಮೇಷ್ಟ್ರು ಎಲ್ಲಿ ಎಂದು ಅವರನ್ನೇ ಕೇಳುತ್ತಿದ್ದರಂತೆ. ಮೇಡಂ ಬೇಸರಿಸಿಕೊಳ್ಳದೆ ಕೈಯಲ್ಲಿದ್ದ ಉಜ್ಜುಗೊರಡನ್ನು ಬದಿಗಿಟ್ಟು, ಕುಂದ್ರಿ ಎಂದು ಸ್ಟೂಲು ಎಳೆದುಕೊಡುತ್ತಿದ್ದರು.

ಪ್ರತಿ ವರ್ಷ ಅವರು ತಮ್ಮ ತಂಡವನ್ನು ಹಂಪಿಗೆ ಕರೆದೊಯ್ಯುತ್ತಿದ್ದರು. ಬೇರೆಯವರು ಕಂಬದ ಶಿಲ್ಪ ನೋಡುತ್ತಿದ್ದರೆ ನಾವು ಮಂಟಪಗಳ ಸೂರಿನ ಕೆಳಗೆ ಕತ್ತೆತ್ತಿ ನಿಲ್ಲಬೇಕಿತ್ತು. ಕಲ್ಲಿನ ಸೂರಿನ ಒಳಮೈಯಲ್ಲಿ ಮರದ ತೊಲೆ, ಪಟ್ಟಿಗಳನ್ನು ಇದ್ದ ಹಾಗೆಯೇ ಕೆತ್ತಿರುವುದನ್ನು ತೋರಿಸಿ, ಈ ಕಲ್ಲುಕುಟಿಗರಿಗೂ ಮೊದಲು ಒಬ್ಬ ಬಡಗಿ ಇದ್ದನೆಂದು ಅವರು ಹೇಳುವಾಗ, ಬೇರೆಲ್ಲೂ ಸೀಟು ಸಿಗದೆ ಬಂದಿದ್ದ ನಾವು ಬೆನ್ನು ನೆಟ್ಟಗೆ ಮಾಡಿಕೊಂಡು ನಿಲ್ಲುತ್ತಿದ್ದೆವು.

ನನ್ನ ಹೆಸರು ಮಾರೆಪ್ಪ, ಊರು ಸಂಡೂರು ತಾಲ್ಲೂಕಿನ ವಡ್ಡು. ಅಪ್ಪನಿಲ್ಲದ ಮನೆಯನ್ನು ಅವ್ವ ಸುಂಕಲಮ್ಮ ಹೊಲದ ಕೂಲಿ ಮಾಡಿ ನಡೆಸುತ್ತಿದ್ದಳು. ಹಗಲು ಮೇಡಂ ಬಳಿ ಮರಗೆಲಸ ಕಲಿಯುತ್ತ, ಸಂಜೆ ಹೊಸಪೇಟೆಯ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದೆ. ಗಿಟಾರ್ ನನ್ನದಲ್ಲ, ತಂಡದ್ದು. ಕೀಬೋರ್ಡ್ ನುಡಿಸುತ್ತಿದ್ದ ಗೆಳೆಯ ಸಿದ್ದಲಿಂಗೇಶ್ ನನಗೆ ಅದನ್ನು ಹೇಳಿಕೊಟ್ಟಿದ್ದ. ಮದುವೆಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ನಮ್ಮ ತಂಡಕ್ಕೆ ಒಳ್ಳೆಯ ಹೆಸರಿತ್ತು. ಬಡಗಿತನ ಹೊಟ್ಟೆಗೆ, ಗಿಟಾರ್ ನನಗೆ ಎಂದು ನಾನು ಅಂದುಕೊಂಡಿದ್ದ ಕಾಲವದು.

ತರಬೇತಿ ಮುಗಿಯಲು ಇನ್ನೂ ಕೆಲವು ತಿಂಗಳಿರುವಾಗ, ರಜೆಯಲ್ಲಿ, ಕಂಪ್ಲಿ ರಸ್ತೆಯ ಒಂದು ಸಾಮಿಲ್ಲಿನಲ್ಲಿ ಕೆಲಸಕ್ಕೆ ಹೋದೆ. ಅಲ್ಲಿಯ ಗರಗಸದ ಮೇಲೆ ಇರಬೇಕಾದ ಕವಚವನ್ನು ಯಾರೋ ಕಳಚಿಟ್ಟಿದ್ದರು. ಹಲಗೆ ಸರಿಸುವಾಗ ಮರದ ಗಂಟೊಂದು ಗರಗಸಕ್ಕೆ ಸಿಕ್ಕಿ ಹಲಗೆ ಜಗ್ಗಿತು, ಕೈ ಅದರ ಹಿಂದೆಯೇ ಹೋಯಿತು. ನನ್ನ ಎಡಗೈಯ ನಡುಬೆರಳು ಮತ್ತು ಉಂಗುರ ಬೆರಳು ಮೇಲಿನ ಗೆಣ್ಣಿನವರೆಗೆ ತುಂಡಾಗಿ ಹೋದವು. ಗಿಟಾರಿನ ತಂತಿ ಒತ್ತುವ ಬೆರಳುಗಳೇ ಅವು.

ಆಸ್ಪತ್ರೆಯಿಂದ ಬಂದ ಮೇಲೆ ನಾನು ಮನೆಬಿಟ್ಟು ಹೊರಬೀಳಲಿಲ್ಲ. ಆರ್ಕೆಸ್ಟ್ರಾದವರು ಬೇರೆ ಹುಡುಗನನ್ನು ತೆಗೆದುಕೊಂಡರು, ಅದು ಅವರ ತಪ್ಪೂ ಅಲ್ಲ. ಸಿದ್ದಲಿಂಗೇಶ್ ಬಂದಾಗ ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ಯಂತ್ರದ ಸದ್ದು ಕೇಳಿದರೆ ಮೈ ಬೆವರುತ್ತಿತ್ತು. ಕೈ ಮಾಗಿದ ಮೇಲೆ ಲಾರಿಗೆ ಅದಿರು ತುಂಬುವ ಕಡೆ ಯಾವುದಾದರೂ ಕೂಲಿ ಹಿಡಿಯೋಣ, ಇನ್ನು ಉಳಿಯೂ ಬೇಡ ತಂತಿಯೂ ಬೇಡ ಎಂದು ತೀರ್ಮಾನಿಸಿಬಿಟ್ಟಿದ್ದೆ. ತಾಯಕ್ಕ ಮೇಡಂ ಈ ನಡುವೆ ನನಗೆ ಹೇಳದೆ ಕಂಪ್ಲಿ ರಸ್ತೆಗೆ ಹೋಗಿ, ಆ ಗರಗಸಕ್ಕೆ ಕವಚ ಕೂರಿಸುವವರೆಗೂ ಅಲ್ಲಿಂದ ಕದಲದೆ ನಿಂತಿದ್ದರೆಂಬುದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ, ಅಲ್ಲಿ ದುಡಿಯುತ್ತಿದ್ದ ಒಬ್ಬರಿಂದ.

ಅದೇ ದಿನಗಳಲ್ಲಿ ಅವರು ಅಪ್ರೆಂಟಿಸ್ ಹುಡುಗರನ್ನು ನೋಡಿಬರಲು ದೋಣಿಮಲೈ ಗಣಿಗೆ ಹೋಗಿದ್ದರು. ಅಲ್ಲಿಯ ಕ್ವಾರ್ಟರ್ಸ್ ಒಂದರಲ್ಲಿದ್ದ ಹಿರಿಯ ಎಂಜಿನಿಯರರ ಕುಟುಂಬ ಊರು ಬಿಡುತ್ತಿತ್ತು. ಹಿತ್ತಲಲ್ಲಿ ಮುರಿದ ಕುರ್ಚಿ, ಹಳೆಯ ಪೆಟ್ಟಿಗೆಗಳ ಜೊತೆ ಒಂದು ಗಿಟಾರ್ ಬಿದ್ದಿತ್ತು. ಕಾವಲುಗಾರ ಉಚ್ಚೆಂಗಪ್ಪ ಅದನ್ನು ನೀರೊಲೆಗೆ ಹಾಕಲು ಎತ್ತಿಕೊಂಡಿದ್ದಾಗ ಮೇಡಂ ತಡೆದು, ಮನೆಯವರನ್ನು ಕೇಳಿ, ಧಾರಾಳವಾಗಿ ಒಯ್ಯಿರಿ ಎಂದು ಹೇಳಿಸಿಕೊಂಡು, ಸ್ಟಾಫ್ ಬಸ್ಸಿನಲ್ಲಿ ಮಗುವನ್ನು ಕೂರಿಸಿಕೊಂಡಂತೆ ತೊಡೆಯ ಮೇಲಿಟ್ಟುಕೊಂಡು ಘಾಟಿ ಇಳಿದು ತಂದರು. ನೇರವಾಗಿ ಬಂದದ್ದು ವಡ್ಡುವಿಗೆ, ನಮ್ಮ ಮನೆಗೆ.

ಅದನ್ನು ನೋಡಿದ ಕೂಡಲೇ ಗೋಡೆಯ ಕಡೆ ಹೊರಳಿದೆ. ಇದನ್ನು ನನ್ನ ಕಣ್ಣೆದುರು ಇಡಬೇಡಿ ಎಂದೆ. ಮೇಡಂ ನನ್ನನ್ನು ಸಮಾಧಾನಪಡಿಸಲಿಲ್ಲ.

“ನಿನಗ ಬಾರ್ಸು ಅಂದೆನೇನು?” ಎಂದರು. “ಒಡದೈತಿ ಇದು. ಒಡದ ಮರ ಜೋಡ್ಸೋದು ನಿನಗ ಬರ್ತೈತಿ. ಗಿಟಾರ್ ಅಂದ್ರ ನನಗ ಒಂದಕ್ಷರ ಗೊತ್ತಿಲ್ಲ, ನಿನಗ ಗೊತ್ತೈತಿ. ಇಬ್ರೂ ಇಲ್ದ ಆಗಂಗಿಲ್ಲ. ನಾಳೆ ಬಾ.”

ಬಾಗಿಲಲ್ಲಿ ನಿಂತಿದ್ದ ಅವ್ವ ಆಗ ಮಾತಾಡಿದಳು. “ಮೇಡಂನೋರೆ, ನನ್ ಮಗನ್ನ ಮತ್ತ ಮಷೀನ್ ಮುಂದ ನಿಂದ್ರಸಬ್ಯಾಡ್ರಿ. ಉಳಿದಿದ್ ಬೆರಳಾದ್ರೂ ಉಳೀಲಿ.”

ಮೇಡಂ ಎದ್ದು ಹೋಗಿ ಅವ್ವನ ಪಕ್ಕ ಹೊಸ್ತಿಲ ಮೇಲೆ ಕುಳಿತರು. “ಮಷೀನ್ ಮುಟ್ಟಂಗಿಲ್ಲಕ್ಕ, ಬರೀ ಕೈಕೆಲಸ. ನಾ ಬಾಜೂಕ ಕುಂತಿರ್ತೀನಿ,” ಎಂದು ಹೇಳಿ, ಅವ್ವ ಕೊಟ್ಟ ಚಹಾ ಕುಡಿದು, ಹೊಲದ ಸುದ್ದಿ, ಮಳೆಯ ಸುದ್ದಿ ಮಾತಾಡುತ್ತ ಬಹಳ ಹೊತ್ತು ಕುಳಿತಿದ್ದು ಹೋದರು. ಮರುದಿನ ಅವ್ವ ನನಗೆ ಬುತ್ತಿ ಕಟ್ಟಿಕೊಟ್ಟಳು.

ಪ್ರಾಚಾರ್ಯರ ಅನುಮತಿ ಪಡೆದು, ತರಗತಿ ಮುಗಿದ ಮೇಲೆ ವರ್ಕ್‌ಶಾಪಿನ ಕಿಟಕಿ ಪಕ್ಕದ ಮೇಜಿನಲ್ಲಿ ಕೆಲಸ ಶುರುಮಾಡಿದೆವು. ಗಿಟಾರನ್ನು ಬೋರಲು ಹಾಕಿ ತಟ್ಟಿದರೆ ಒಳಗಿನಿಂದ ಅದಿರಿನ ಕೆಂಪು ಧೂಳು ಸುರಿಯಿತು. ಹೊಟ್ಟೆಯೊಳಗೆ ಅಂಟಿಸಿದ್ದ ಚೀಟಿಯನ್ನು ಹುಳ ತಿಂದು ಕಲ್ಕತ್ತಾ ಎಂಬ ಊರಿನ ಹೆಸರಷ್ಟೇ ಉಳಿದಿತ್ತು. ಬೆನ್ನಿನ ಹಲಗೆ ಉದ್ದಕ್ಕೆ ಸೀಳಿತ್ತು, ಕತ್ತು ಬುಡದಲ್ಲಿ ಸಡಿಲಗೊಂಡಿತ್ತು, ತಂತಿಗಳನ್ನು ಕಟ್ಟುವ ಬ್ರಿಡ್ಜ್ ಒಡೆದು ಎದ್ದುಬಂದಿತ್ತು. ಆದರೆ ಮೇಡಂ ಮುಂದಿನ ಹಲಗೆಯನ್ನು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ, ಕಿವಿಯಿಟ್ಟು ಕೇಳಿ, ಈ ಮರ ಬಹಳ ಒಳ್ಳೆಯದು, ಇಷ್ಟು ವರ್ಷ ಒಣಗಿ ಇನ್ನೂ ಹಗುರಾಗಿದೆ ಎಂದರು.

ಕತ್ತಿನ ಕೂಡಿಕೆಗೆ ಬಿಸಿನೀರಿನಲ್ಲಿ ಅದ್ದಿದ ತೆಳು ಅಲಗನ್ನು ಸ್ವಲ್ಪಸ್ವಲ್ಪವಾಗಿ ತೂರಿಸಿ ಹಳೆಯ ಅಂಟನ್ನು ಬಿಡಿಸಿ, ಹೊಸ ಅಂಟಿನಿಂದ ಕತ್ತನ್ನು ಕೂರಿಸಿದೆವು. ಬೆನ್ನಿನ ಸೀಳಿಗೆ ಒಳಗಿನಿಂದ ಸಣ್ಣ ಸಣ್ಣ ಮರದ ತೇಪೆ ಹಾಕಿದೆವು. ಮೊದಮೊದಲು ಮೊಂಡು ಬೆರಳು ತಾಗಿದರೆ ಜೀವ ಹೋಗುವಂತಾಗುತ್ತಿತ್ತು. ಮೇಡಂ ಅದನ್ನು ಕಂಡರೂ ಕಾಣದವರಂತೆ ಅಂಟು ಒಣಗುವವರೆಗೆ ಬಿಗಿದಿಡುವ ಕ್ಲ್ಯಾಂಪಿನ ಆ ತುದಿಯನ್ನು ತಾವು ಹಿಡಿಯುತ್ತಿದ್ದರು, ನಾನು ಹಿಡಿಯಬಲ್ಲೆ ಎಂದು ಗೊತ್ತಾದ ದಿನ ಸುಮ್ಮನೆ ಬಿಟ್ಟುಬಿಟ್ಟರು. ಬ್ರಿಡ್ಜಿಗೆ ಬೇಕಾದ ಬೀಟೆ ಮರವನ್ನು ಕಂಪ್ಲಿಯ ತಮ್ಮ ಅಕ್ಕ ದುರ್ಗಕ್ಕನವರ ಮನೆಯಿಂದ ತಂದರು. ಅದು ಮುರಿದುಹೋದ ಮಂಚದ ಕಾಲು.

ಒಂದು ಸಂಜೆ ಮೇಡಂ ಗಿಟಾರನ್ನು ಎತ್ತಿ ಹಿಡಿದು ನೋಡುತ್ತಿದ್ದರು. ಗಿಟಾರ್ ಹಿಡಿದು ಗೊತ್ತಿಲ್ಲದವರಾದ್ದರಿಂದ ತಿರುವುಮುರುವಾಗಿ, ಕತ್ತು ಬಲಗೈಯಲ್ಲಿ, ಹೊಟ್ಟೆ ಎಡಗೈ ಕೆಳಗೆ ಬರುವಂತೆ ಹಿಡಿದಿದ್ದರು. ಹಾಗಲ್ಲ ಮೇಡಂ, ಉಲ್ಟಾ ಹಿಡಿದಿದ್ದೀರಿ ಎಂದೆ.

“ಹಿಂಗ ಹಿಡಿದ್ರ ಏನಾಗ್ತೈತಿ?” ಎಂದು ಕೇಳಿದರು.

ತಂತಿ ಒತ್ತುವುದು ಬಲಗೈ ಆಗುತ್ತದೆ, ಮೀಟುವುದು ಎಡಗೈ ಆಗುತ್ತದೆ ಎಂದು ಹೇಳುತ್ತ ಹೇಳುತ್ತ ನನ್ನ ಮಾತು ಅರ್ಧಕ್ಕೆ ನಿಂತಿತು. ಮೀಟಲು ಹೆಬ್ಬೆರಳು, ತೋರುಬೆರಳು ಸಾಕು. ಅವೆರಡೂ ನನಗೆ ಇದ್ದವು. ಮೇಡಂ ಕೂಡ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಒಳಗೆ ಕೈಹಾಕಿ ತಡವಿ ನೋಡಿದೆವು. ಹಲಗೆಯನ್ನು ಹೊತ್ತ ಪಟ್ಟಿಗಳು ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಇದ್ದವು, ಎಡಕ್ಕೂ ಬಲಕ್ಕೂ ವ್ಯತ್ಯಾಸವಿರಲಿಲ್ಲ. ತಂತಿಗಳ ಕ್ರಮವನ್ನು ತಿರುಗಿಸಲು ಅಡ್ಡಿಯಿಲ್ಲವೆಂದಾಯಿತು. ಹೊಸ ಬ್ರಿಡ್ಜನ್ನೂ, ಕತ್ತಿನ ತುದಿಯಲ್ಲಿ ತಂತಿ ಕೂರುವ ಮೂಳೆಯ ಪಟ್ಟಿಯನ್ನೂ ಎಡಗೈಯವರಿಗೆ ಹೊಂದುವಂತೆ ನಾನೇ ಕೊರೆದೆ, ಮೇಡಂ ಹಲಗೆ ಒರೆಸಿಕೊಟ್ಟರು, ಇಬ್ಬರೂ ಸೇರಿ ಅಂಟಿಸಿದೆವು.

ಸಿದ್ದಲಿಂಗೇಶ್ ಹುಬ್ಬಳ್ಳಿಯಿಂದ ತಂತಿ ತಂದ. ಕಟ್ಟಿ, ಬಿಗಿ ಮಾಡುತ್ತ ಹೋದಂತೆ ಪಟಾಕಿ ಹೊಡೆದಂತೆ ಸದ್ದಾಗಿ ಬ್ರಿಡ್ಜ್ ಕಿತ್ತು ಹಾರಿತು. ಮುಂದಿನ ಹಲಗೆಯ ಚಕ್ಕೆಯೂ ಅದರ ಜೊತೆ ಬಂದಿತ್ತು. ನಾನು ಏಪ್ರನ್ ಬಿಚ್ಚಿ ಮೇಜಿನ ಮೇಲೆ ಹಾಕಿ ಹೊರಟೆ. ಮೇಡಂ ನನ್ನನ್ನು ಕರೆಯಲಿಲ್ಲ. ಬ್ರಿಡ್ಜನ್ನು ತಿರುಗಿಸಿ ಬೆಳಕಿಗೆ ಹಿಡಿದು ನೋಡಿದರು. ನಾನು ಬಾಗಿಲು ದಾಟುವ ಮೊದಲು ಅವರ ಮಾತು ಕೇಳಿತು.

“ಒಂದು ಮೂಲ್ಯಾಗ ಧೂಳಿನ ಮ್ಯಾಲೆ ಅಂಟು ಹಾಕೀವಿ. ಒರೆಸಿದ್ದು ನಾನು. ತಪ್ಪು ನಂದು ಮಾರೆಪ್ಪ, ನಿಂದಲ್ಲ. ನಿನ್ನ ಕೊರೆತ ಸರಿ ಐತಿ.”

ವರ್ಕ್‌ಶಾಪಿನಲ್ಲಿ ಆಗ ಇನ್ನೂ ಕೆಲವು ವಿದ್ಯಾರ್ಥಿಗಳಿದ್ದರು. ಅವರೆಲ್ಲರ ಮುಂದೆ ಒಬ್ಬ ಗುರು ಹಾಗೆ ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಬಾಗಿಲಿನಿಂದ ಹಿಂದಕ್ಕೆ ಬಂದು ಏಪ್ರನ್ ಕಟ್ಟಿಕೊಂಡೆ. ಸಿದ್ದಲಿಂಗೇಶ್ ಹಲಗೆಯನ್ನು ಅಷ್ಟು ಎಳೆಯದ ತೆಳುವಾದ ತಂತಿ ತರಲು ಮತ್ತೆ ಹುಬ್ಬಳ್ಳಿಗೆ ಹೋದ. ನಾವು ಹಾರಿಹೋದ ಚಕ್ಕೆಯನ್ನು ಹುಡುಕಿ ಕೂರಿಸಿ, ಮೈಯನ್ನು ಚೆನ್ನಾಗಿ ಒರೆಸಿ, ಹೊಸದಾಗಿ ಅಂಟು ಹಾಕಿ, ಒಣಗಲು ಬಿಟ್ಟು ಕಾದೆವು. ಎರಡನೇ ಸಲ ಬ್ರಿಡ್ಜ್ ನಿಂತಿತು.

ಬಲಗೈ ಬೆರಳುಗಳಿಗೆ ಹೊಸದಾಗಿ ತಂತಿ ಒತ್ತಲು ಕಲಿಸುವುದು ಸುಲಭವಾಗಲಿಲ್ಲ. ಆರ್ಕೆಸ್ಟ್ರಾದಲ್ಲಿದ್ದಾಗ ನುಡಿಸಿದಂತೆ ನಾನು ಮತ್ತೆಂದೂ ನುಡಿಸಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಆದರೆ ಆ ವರ್ಷದ ಹಂಪಿ ಪ್ರವಾಸದಲ್ಲಿ, ಹೊಳೆಯ ಕಡೆಯ ಒಂದು ಮಂಟಪದ ನೆರಳಿನಲ್ಲಿ ಎಲ್ಲರೂ ಬುತ್ತಿ ಬಿಚ್ಚಿದ ಹೊತ್ತಿಗೆ, ನಾನು ಆ ಗಿಟಾರಿನಲ್ಲಿ ಒಂದು ಸರಳ ಭಜನೆಯ ಧಾಟಿಯನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದೆ. ಮಧ್ಯೆ ಎರಡು ಕಡೆ ತಪ್ಪಿದೆ. ಹಳೆಯ ಮರದ ದನಿ ಗಟ್ಟಿಯಾಗಿರಲಿಲ್ಲ, ಆದರೆ ಕಲ್ಲಿನ ಚಾವಣಿಯ ಕೆಳಗೆ ತುಂಬಿಕೊಂಡು ನಿಂತಿತು. ಮೇಡಂ ಹೊಗಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಎಲ್ಲರಿಗೂ ಜಲ್ದಿ ಉಣ್ಣಿರಿ ಎಂದರು.

ಸಂಜೆ ಗಿಟಾರನ್ನು ವಡ್ಡುವಿಗೆ ಒಯ್ದು ಅವ್ವನ ಮುಂದೆಯೂ ನುಡಿಸಿದೆ. ಅವ್ವ ಜೋಳ ಹಸನು ಮಾಡುತ್ತಲೇ ಕೇಳಿದಳು. ಮುಗಿದ ಮೇಲೂ ಮೊರದಿಂದ ಕಣ್ಣೆತ್ತಲಿಲ್ಲ. “ನಾಳೆ ಕ್ಲಾಸಿಗೆ ಹೋಗ್ಬೇಕಲ್ಲ, ಲಗೂನ ಮಲ್ಕ,” ಎಂದಳು. ಯಂತ್ರದ ತರಗತಿಗೆ ನಾನು ಮರಳಿ ಹೋದದ್ದು ಅದರ ಮರುದಿನ. ಮೇಡಂ ಕವಚದ ತಿರುಪುಗಳನ್ನು ನನ್ನಿಂದಲೇ ಬಿಗಿ ಮಾಡಿಸಿ, ಆಮೇಲೆ ಸ್ವಿಚ್ ಹಾಕಿದರು. ಸದ್ದಿಗೆ ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬಂದು ಹಲಗೆ ಹಿಡಿದೆ. ಅವರು ಪಕ್ಕದಲ್ಲೇ ನಿಂತಿದ್ದರು.

ತರಬೇತಿ ಮುಗಿಸಿ, ಕೆಲಕಾಲ ಬೇರೆಯವರ ಬಳಿ ದುಡಿದು, ಹೊಸಪೇಟೆಯಲ್ಲಿ ವಾದ್ಯ ರಿಪೇರಿಯ ಅಂಗಡಿ ಇಟ್ಟೆ. ಸುತ್ತಲ ಊರುಗಳ ಭಜನಾಮಂಡಳಿಗಳ ಹಾರ್ಮೋನಿಯಂ, ಶಾಲೆಗಳ ತಬಲ, ಆರ್ಕೆಸ್ಟ್ರಾಗಳ ಗಿಟಾರ್ ಎಲ್ಲ ನನ್ನಲ್ಲಿಗೆ ಬರುತ್ತವೆ. ನನ್ನ ಹಾಗೆಯೇ ಮೇಡಂ ನೆರಳಿನಲ್ಲಿ ಎದ್ದು ನಿಂತವರು ಅನೇಕರಿದ್ದಾರೆ. ಮೇಡಂ ಕೊಟ್ಟ ಧೈರ್ಯದಿಂದಲೇ ಬಡಗಿ ವಿಭಾಗಕ್ಕೆ ಸೇರಿದ ಹೆಣ್ಣುಮಕ್ಕಳಲ್ಲಿ ಅಂಜಲಿ ಇಂದು ಅದೇ ವಿಭಾಗದ ಬೋಧಕಿಯಾಗಿದ್ದಾಳೆಂಬುದು ನಮಗೆಲ್ಲ ಹೆಮ್ಮೆ.

ನಿವೃತ್ತರಾದ ವಾರವೇ ಮೇಡಂ ನನ್ನ ಅಂಗಡಿಗೆ ಬಂದರು. ಏನಾದರೂ ರಿಪೇರಿಗೆ ತಂದಿರಬಹುದೆಂದು ಎದ್ದು ನಿಂತೆ. ಕೈಯಲ್ಲಿ ಏನೂ ಇರಲಿಲ್ಲ. ಕುರ್ಚಿಯಲ್ಲಿ ಕುಳಿತು, ಸ್ವಲ್ಪ ನಾಚಿಕೊಂಡು, “ಜೋಡ್ಸಾಕ ಕಲ್ತೆ, ಬಾರ್ಸಾಕ ಕಲೀಲೇ ಇಲ್ಲ. ಈಗ ಪುರಸೊತ್ತು ಐತಿ. ಹೇಳಿಕೊಡ್ತೀಯೇನು?” ಎಂದು ಕೇಳಿದರು.

ಈಗ ಅವರು ವಾರಕ್ಕೊಮ್ಮೆ ತಾವು ನೆಲೆಸಿರುವ ಸಂಡೂರಿನಿಂದ ಬಸ್ಸಿಗೆ ಬರುತ್ತಾರೆ. ಎಲ್ಲ ಹೊಸಬರಂತೆ ಬೆರಳ ತುದಿ ನೋಯುತ್ತದೆಂದು ದೂರುತ್ತಾರೆ. ನಾನು ಅವರ ಬಾಜೂಕ ಕುಳಿತಿರುತ್ತೇನೆ. ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸುವ ಎರಡು ಸ್ವರಗುಚ್ಛ ಬಂದಿವೆ, ಮೂರನೆಯದು ಇನ್ನೂ ಸರಿಯಾಗಿ ಕೂತಿಲ್ಲ. ಕಲಿಯಬೇಕಾದದ್ದು ಬಹಳ ಇದೆ, ಅವರಿಗೆ ಅವಸರವೂ ಇಲ್ಲ. ಪೂಜ್ಯ ತಾಯಕ್ಕನವರಿಗೆ ಆ ಪಾಠಗಳೆಲ್ಲ ಮುಗಿಯುವಷ್ಟು ದೀರ್ಘವಾದ ಆಯುಷ್ಯವನ್ನೂ, ತಂತಿ ಒತ್ತುವಷ್ಟು ಗಟ್ಟಿಯಾದ ಬೆರಳುಗಳನ್ನೂ ಭಗವಂತ ಕೊಡಲಿ, ಮುಂದಿನ ವಾರವೂ ಅವರು ತಪ್ಪದೆ ಬರಲಿ ಎಂದು ಶಿಷ್ಯನಾದ ನಾನು ಕೈಮುಗಿದು ಹಾರೈಸುತ್ತೇನೆ.