ಸೂಗಪ್ಪನ ಎಡಗಾಲು

ದೇವದುರ್ಗದ ಕೇರಿಯಲ್ಲಿ ಸ್ಟೇರಿಂಗ್ ಹಿಡಿದ ಮೊದಲ ಮನುಷ್ಯ ಸೂಗಪ್ಪ. ಚೀಲ ಹೊತ್ತು, ಲಾರಿ ತೊಳೆಯುತ್ತ ತೊಳೆಯುತ್ತಲೇ ಓಡಿಸುವುದನ್ನು ಕಲಿತವನು. ಕಾಲುವೆ ಸರ್ವೆಗೆ ಬಂದಿದ್ದ ಪರದೇಶಿ ಸಾಹೇಬರು ಎಪ್ಪತ್ತೆಂಟರಲ್ಲಿ ಊರು ಬಿಡುವಾಗ ತಮ್ಮ ಪಿಕಪ್ ಗಾಡಿಯನ್ನು ಹರಾಜಿಗಿಟ್ಟರು. ಹತ್ತಿ ವ್ಯಾಪಾರಿ ಮಹಾಂತಯ್ಯ ಅದನ್ನು ಕೊಂಡ. ಸಾಹೇಬರ ಬಳಿ ಅದನ್ನು ಓಡಿಸಿದ್ದ ಸೂಗಪ್ಪನನ್ನೂ ಇಟ್ಟುಕೊಂಡ. ಎಂಥ ಗಾಡಿ ಅಂತೀರಿ! ಕ್ಲಚ್ಚೇ ಇಲ್ಲ, ಗೇರು ತಾನಾಗಿಯೇ ಬೀಳುತ್ತಿತ್ತು. ಪಕ್ಕದ ಜಾಲಹಳ್ಳಿಯಲ್ಲಿ ಹಾರ್ನ್ ಹೊಡೆದರೆ ಬಸ್ಸಿಗೆ ಕಾದು ಕೂತವರು ಎದ್ದು ನೋಡುತ್ತಿದ್ದರು. ಆ ಸೀಟು ಕೈತಪ್ಪಿದರೆ ಮತ್ತೆ ಚೀಲ ಹೊರುವುದೇ ಗತಿ ಎಂಬುದು ಸೂಗಪ್ಪನಿಗೆ ಗೊತ್ತಿತ್ತು.

ಒಂದು ಸಲ ಎಣ್ಣೆ ಬದಲಿಸಲು ರಾಯಚೂರಿನ ಮೆಕ್ಯಾನಿಕ್ ಅಲ್ಲಾಬಕ್ಷ್‌ನಲ್ಲಿಗೆ ಹೋದರು. ಗೇರ್‌ಬಾಕ್ಸಿನಿಂದ ತೆಳ್ಳನೆಯ ಕೆಂಪು ಎಣ್ಣೆ ಇಳಿಯಿತು. “ಇದೇನು, ಶರಬತ್ತೇನು?” ಎಂದು ನಕ್ಕ ಅಲ್ಲಾಬಕ್ಷ್, ಲಾರಿಗೆ ಹಾಕುವ ಮಂದ ಎಣ್ಣೆ ಸುರಿದ.

“ಭಾಯ್, ಇದಕ್ಕ ಕೆಂಪು ಎಣ್ಣಿನ ಹಾಕಬೇಕ್ರಿ. ಸಾಹೇಬರು ಅದನ್ನ ಹಾಕ್ತಿದ್ರು,” ಎಂದ ಸೂಗಪ್ಪ.

“ಲೇ, ಉಸ್ತಾದ್ ನಾನೋ ನೀನೋ?”

“ಬಾಯಿ ಭಾಳ ಆಗ್ಯದ ನಿಂದು,” ಎಂದು ಮಹಾಂತಯ್ಯನೂ ಕಣ್ಣು ಕೆಕ್ಕರಿಸಿದ.

ಮರುದಿನದಿಂದಲೇ ಗಾಡಿ ನಡುಗತೊಡಗಿತು. ಕಲ್ಮಲ ದಾಟಿ ವೇಗ ಏರಿಸಿದರೆ ಸಾಕು, ಗೇರು ಬದಲಾಗುವಾಗ ಚಳಿಜ್ವರ ಬಂದವರ ಹಾಗೆ ಗಡಗಡ. ಮತ್ತೆ ರಾಯಚೂರಿಗೆ ಒಯ್ದಾಗ ಪರೀಕ್ಷೆ ಮಾಡಲು ಅಲ್ಲಾಬಕ್ಷ್ ಪಕ್ಕದಲ್ಲಿ ಕೂತ. ಲಾರಿಯಲ್ಲಿ ಕಲಿತವರ ಎಡಗಾಲು ಕ್ಲಚ್ ಹುಡುಕುತ್ತದೆ. ಸೂಗಪ್ಪನ ಕಾಲೂ ಆಗಾಗ ಅಗಲವಾದ ಬ್ರೇಕಿನ ಮೇಲೆ ಹೋಗಿ ಕೂರುತ್ತಿತ್ತು. ಅಷ್ಟೇ ಸಾಕಾಯಿತು ಆ ಪುಣ್ಯಾತ್ಮನಿಗೆ.

“ರೋಗ ಗಾಡೀದಲ್ಲ ಸಾವಕಾರ್ರ, ಇವನ ಎಡಗಾಲಿಂದು. ಕಟ್ಟಿ ಹಾಕಿ ನೋಡೂಣು.”

ಹಾಡುಹಗಲೇ ಅವನ ಕಾಲನ್ನು ಸೀಟಿನ ಕಬ್ಬಿಣಕ್ಕೆ ಹಗ್ಗದಿಂದ ಬಿಗಿದರು. ಎತ್ತನ್ನೂ ಹಾಗೆ ಬಿಗಿಯುವುದಿಲ್ಲ. ಚಹಾದಂಗಡಿಯ ಮಂದಿ ಹೊಟ್ಟೆ ಹಿಡಿದು ನಕ್ಕರು. ಸೂಗಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಟ್ಟಿದ ಕಾಲಲ್ಲೇ ಓಡಿಸಿದ. ಗಾಡಿ ಮೊದಲಿನಂತೆಯೇ ನಡುಗಿತು.

ಅಲ್ಲಾಬಕ್ಷ್‌ನ ಮುಖ ಪೆಚ್ಚಾಯಿತು. ಗಾಡಿ ತನ್ನಲ್ಲೇ ಇರಲಿ ಎಂದು ಸೂಗಪ್ಪನನ್ನು ಊರಿಗೆ ಕಳಿಸಿದ. ಹೈದರಾಬಾದಿನಿಂದ ಕೆಂಪು ಎಣ್ಣೆ ಬಂತು. ಮಂದ ಎಣ್ಣೆ ಇಳಿಸಿ, ಎಣ್ಣೆ ಸೋಸುವ ಜಾಲರಿ ತೊಳೆದು, ಹೊಸದನ್ನು ತುಂಬಿ ಓಡಿಸಿ, ಅದನ್ನೂ ಇಳಿಸಿ ಮತ್ತೆ ತುಂಬಿದ. ನಡುಕ ನಿಂತಿತು. ಆಮೇಲೆ ಸೂಗಪ್ಪನನ್ನು ಕರೆಸಿ, ಕಾಲು ಕಟ್ಟಿ ಅವನಿಂದ ಓಡಿಸಿ, “ನೋಡ್ರಿ, ಕಾಲು ಸುಮ್ನಿದ್ರ ಗಾಡಿ ಹೆಂಗ ಸುಮ್ನದ!” ಎಂದು ಎಲ್ಲರ ಮುಂದೆ ಸಾರಿದ. ಎಂಥ ನಾಚಿಕೆಗೆಟ್ಟ ಬಾಯಿ!

ಅಂದಿನಿಂದ ಸೂಗಪ್ಪ ದಿನಾ ಕಾಲು ಕಟ್ಟಿಕೊಂಡೇ ಹೊರಡಬೇಕಾಯಿತು. ಹಗ್ಗ ತಿಂದ ಚರ್ಮಕ್ಕೆ ಎಣ್ಣೆ ಹಚ್ಚುತ್ತ ಹೆಂಡತಿ ಗೋಪಮ್ಮ, “ಕಟ್ಟಿದವನ ಕೈ ಸೇದಿ ಹೋಗಲಿ!” ಎಂದು ಶಪಿಸಿದಳು.

“ಸುಮ್ಕಿರು. ತಪ್ಪು ನನ್ನ ಕಾಲಿಂದ ಅದ,” ಎಂದ ಸೂಗಪ್ಪ. ನಿಜವಾಗಿಯೂ ಹಾಗೆಂದೇ ನಂಬಿದ್ದ.

ದೀಪಾವಳಿಗೆ ಗಾಡಿ ತೊಳೆದು, ಗೇರ್‌ಬಾಕ್ಸಿನಲ್ಲಿ ಎಣ್ಣೆ ಎಷ್ಟಿದೆಯೆಂದು ಅಳತೆ ಕಡ್ಡಿ ಎಳೆದು ಬಟ್ಟೆಗೆ ಒರೆಸಿದ. ಬಟ್ಟೆ ಕೆಂಪಾಯಿತು. ಅವನ ಮೈಯೆಲ್ಲ ಉರಿದುಹೋಯಿತು. ಆ ಬಟ್ಟೆ ಹಿಡಿದುಕೊಂಡೇ ಮಹಾಂತಯ್ಯನ ಮುಂದೆ ನಿಂತ.

“ಸಾವಕಾರ್ರ, ಎಣ್ಣಿ ಬದಲ್ಯಾಗ್ಯದ. ನನ್ನ ಕಾಲಿಂದೇನೂ ತಪ್ಪಿರಲಿಲ್ರಿ.”

“ಗೊತ್ತದ,” ಎಂದ ಮಹಾಂತಯ್ಯ, ಎಲೆ ಅಡಿಕೆ ಜಗಿಯುತ್ತ. “ಆ ಎಣ್ಣಿ ತರಿಸಿದಾವ ನಾನ.”

“ಮತ್ತ ಯಾಕ ಕಟ್ಟಸ್ತೀರಿ?”

“ಕಟ್ಟಿದಾಗಿಂದ ನೀ ಎದುರು ಮಾತಾಡೋದು ಬಿಟ್ಟೀದಿ. ಒಲ್ಲೆಂದ್ರ ಕೀಲಿ ಇಟ್ಟು ನಡಿ, ಚೀಲ ಹೊರಾಕ ಆಳು ಬೇಕಾಗ್ಯಾರ.”

ಸೂಗಪ್ಪನ ಕೈಯಲ್ಲಿ ಕೀಲಿ ಇತ್ತು. ಆ ಮುಖಕ್ಕೇ ಎಸೆಯಬೇಕೆನ್ನಿಸಿತು. ಚೀಲ ಹೇರುತ್ತಿದ್ದ ಹಮಾಲರು ಕೆಲಸ ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು.

ಅವನು ಹೋಗಿ ಸ್ಟೇರಿಂಗಿನ ಮುಂದೆ ಕೂತ. ಮಹಾಂತಯ್ಯ ಅವನ ಕಾಲು ಮುಟ್ಟುವವನಲ್ಲ, ಹಗ್ಗ ಎಸೆದ. ಸೂಗಪ್ಪ ತಾನೇ ಕಟ್ಟಿಕೊಂಡ. ಸಡಿಲವೆಂದು ಬೈಸಿಕೊಳ್ಳುವುದು ಬೇಡವೆಂದು ಇನ್ನೊಂದು ಸುತ್ತು ಬಿಗಿದ. ಹೇರಿದ ಹತ್ತಿ ಹೊತ್ತಿಗೆ ಸರಿಯಾಗಿ ಮಾನ್ವಿಯ ಪೇಟೆ ಮುಟ್ಟಿತು.